ಬೆಟ್ಟಕ್ಕೆ ಹೊರಟ ಸಂಸಾರ

ದಸರಾ ರಜೆ ಬಂತೆಂದರೆ ಅರ್ಧ ಬೆಂಗಳೂರು ಚಿಕ್ಕಮಗಳೂರಿಗೆ ಹೊರಡುತ್ತದೆ. ಇನ್ನರ್ಧ ಅದರ ಹಿಂದೆ ಹಾರನ್ ಹೊಡೆಯುತ್ತಾ ನಿಂತಿರುತ್ತದೆ. ಚಿಕ್ಕ ಮಕ್ಕಳಿರುವವರ ಕಾರನ್ನು ಗುರುತಿಸುವುದು ಸುಲಭ: ಕಿಟಕಿಗೆ ಒಣಹಾಕಿದ ಚಡ್ಡಿ, ಸೀಟಿನ ಸಂದಿಯಲ್ಲಿ ಕೋಡುಬಳೆ ಚೂರು, ಅಮ್ಮನ ಕೈಯಲ್ಲಿ ಸದಾ ಸಿದ್ಧವಿರುವ ಪ್ಲಾಸ್ಟಿಕ್ ಕವರು. ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಕಣಿವೆಯ ಸೊಬಗನ್ನು ನೋಡುವವರಾರು? ಎಲ್ಲರ ಕಣ್ಣೂ ಮಗುವಿನ ಮುಖದ ಮೇಲೆ. ಅದು ತುಸು ಸಪ್ಪಗಾದರೆ ಸಾಕು, "ರೀ, ನಿಲ್ಸಿ ನಿಲ್ಸಿ!"

ಸುಮಾರು 1,930 ಮೀಟರ್, ಕರ್ನಾಟಕದಲ್ಲೇ ಅತಿ ಎತ್ತರದ ಶಿಖರ ಎಂದು ಅಪ್ಪ ಭಾಷಣ ಶುರುಮಾಡುವ ಹೊತ್ತಿಗೆ ಮಗ ಸುಟ್ಟ ಜೋಳದ ಗಾಡಿಯ ಮುಂದೆ ಧರಣಿ ಕೂತಿರುತ್ತಾನೆ. ನಾಲ್ಕು ಮೆಟ್ಟಿಲು ಹತ್ತಿದ ಮಗಳು ಎರಡೂ ಕೈ ಮೇಲೆತ್ತಿ "ಎತ್ಕೋ" ಎನ್ನುತ್ತಾಳೆ. ಅಲ್ಲಿಂದ ತುದಿಯ ಗುಡಿಯವರೆಗೆ ಚಾರಣ ಮಾಡುವುದು ಅಪ್ಪನ ಬೆನ್ನುಮೂಳೆ.

ಮೇಲೆ ಹೋದರೆ ಬರೀ ಮಂಜು.

"ಅಪ್ಪಾ, ಬೆಟ್ಟ ಎಲ್ಲಿ?"

"ನಾವು ನಿಂತಿರೋದೇ ಬೆಟ್ಟ ಕಂದಾ."

"ಮತ್ತೆ ಕಾಣಿಸ್ತಾನೇ ಇಲ್ಲ!"

ಇದಕ್ಕೆ ಯಾವ ವೇದಾಂತಿಯ ಬಳಿಯೂ ಉತ್ತರವಿಲ್ಲ. ಅಪ್ಪ ಕುರ್‌ಕುರೆ ಕೊಡಿಸುತ್ತಾನೆ.

ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಇದೇ ಬೆಟ್ಟಸಾಲಿನಲ್ಲಿ ನೆಟ್ಟರೆಂದು ಪ್ರತೀತಿ. ಪುಣ್ಯಕ್ಕೆ ಜೊತೆಯಲ್ಲಿ ಚಿಳ್ಳೆಪಿಳ್ಳೆಗಳಿರಲಿಲ್ಲ. ಇದ್ದಿದ್ದರೆ ಒಂದು ಬೀಜ ಯಾರದೋ ಮೂಗಿನೊಳಗೆ ಸೇರಿ, ಮಿಕ್ಕ ಆರು ಹಡಗಿನಿಂದ ಸಮುದ್ರಕ್ಕೆ ಬಿದ್ದು, ನಾವೆಲ್ಲ ಇವತ್ತಿಗೂ ಬೆಳಗೆದ್ದು ಜೀರಿಗೆ ಕಷಾಯ ಕುಡಿಯುತ್ತಿದ್ದೆವು.