ಸ್ಥೂಲಶ್ವಾನ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ನಗರವಾಸಿ ಮಧ್ಯಮವರ್ಗದ ಗೃಹಾಂತರ್ಗತ ಶ್ವಾನದ ಮೇದೋವೃದ್ಧಿ ಎಂಬ ವಿದ್ಯಮಾನವನ್ನು ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ಮರುಓದಿಗೆ ಒಳಪಡಿಸುವ ವಿನಮ್ರ ಪ್ರಯತ್ನವಾಗಿದೆ. ನಾಯಿ ವಿಪರೀತ ದಪ್ಪಗಾಗಿದೆ ಎಂದರೆ ಮುಗಿಯುತ್ತಿತ್ತು. ಆದರೆ ಅಷ್ಟು ಹೇಳಿ ಕೂತವರಿಗೆ ಯಾವ ವಿಚಾರ ಸಂಕಿರಣದವರೂ ಟಿಎ, ಡಿಎ ಕೊಟ್ಟಿದ್ದಿಲ್ಲ.

ಪ್ರಾಕ್ಕಲ್ಪನೆ: ಸಾಕಿದ ನಾಯಿಯನ್ನು ಏದುಸಿರು ಬಿಡುವಷ್ಟು ಕೊಬ್ಬಿಸುವುದು ಹಿಂಸೆಯೋ, ಅಥವಾ ಮಮತೆಯ ಬಹುಸ್ತರೀಯ ಪಠ್ಯವೋ? ವ್ಯಾಪ್ತಿ: ಜಯನಗರದ ಹಳೆಯ ಮನೆಗಳಿಂದ ವೈಟ್‌ಫೀಲ್ಡಿನ ಹದಿನಾಲ್ಕನೇ ಮಹಡಿಯವರೆಗೆ. ಮಿತಿ: ಬೀದಿನಾಯಿಗಳು. ಅವಕ್ಕೆ ಕಲ್ಲು, ಬೈಗುಳ ಇತ್ಯಾದಿ ಬೇರೆ ಪಠ್ಯಗಳಿವೆ.

ಮಾಪನ ವಿಧಾನ: ಪಶುವೈದ್ಯರು ನಾಯಿಯ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 4 ಅಥವಾ 5 ಬಂದರೆ ನಾಯಿ ಸರಿಯಾಗಿದೆ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಒತ್ತಿ ಹುಡುಕಿದರೂ ಎಲುಬು ಸಿಗದೆ, ಸೊಂಟದ ಸುಳಿವೇ ಇಲ್ಲದೆ, ಹೊಟ್ಟೆ ಜೋತುಬಿದ್ದಿದ್ದರೆ 9. ಇದಕ್ಕೆ ಬೇಕಾದ ಉಪಕರಣವೆಂದರೆ ಎರಡು ಕೈ. ಇಷ್ಟು ಅಗ್ಗದ ವಿಧಾನಕ್ಕೆ ತಾತ್ವಿಕ ಚೌಕಟ್ಟು ಇಲ್ಲವೆಂಬುದು ನಮ್ಮ ಗಂಭೀರ ಆಕ್ಷೇಪ. ನಾಯಿಯ ಯಜಮಾನರ ಆಕ್ಷೇಪ ಇನ್ನೂ ಮೂಲಭೂತವಾದದ್ದು: 'ದಪ್ಪ ಏನಿಲ್ಲ ಸಾರ್, ಕೂದಲು ಜಾಸ್ತಿ.'

ಇನ್ನು ಪೋಷಕರ ವರ್ಗೀಕರಣ. ಪೋಷಕರು ಪಂಚವಿಧ. ಮೊದಲನೆಯವರು ಬಿಸ್ಕತ್ತುದಾತೃಗಳು: ಬೆಳಗಿನ ಕಾಫಿಯ ಜೊತೆ ತಮಗೆ ಎರಡು, 'ಮಗು'ವಿಗೆ ನಾಲ್ಕು. ಮನೆಯಲ್ಲಿ ಆರು ಜನರಿದ್ದು ಆರೂ ಜನ ಬೇರೆ ಬೇರೆ ಹೊತ್ತಿಗೆ ಕಾಫಿ ಕುಡಿಯುವುದರಿಂದ ಗಣಿತವನ್ನು ಓದುಗರಿಗೇ ಬಿಟ್ಟಿದೆ. ಎರಡನೆಯವರು ಶೇಷಾನ್ನಸಮರ್ಪಕರು: ಅನ್ನ ಎಸೆಯಬಾರದೆಂಬ ಸಂಸ್ಕಾರವಂತರು, ಆದ್ದರಿಂದ ಉಳಿದ ತುಪ್ಪದನ್ನ, ಭಾನುವಾರದ ಬಿರಿಯಾನಿ, ಹಬ್ಬದ ಹೋಳಿಗೆ ಎಲ್ಲವೂ ನಾಯಿಯ ತಟ್ಟೆಗೆ. ಮೂರನೆಯವರು ಪ್ರತಿನಿಧಿಪರ್ಯಟಕರು: ನಾಯಿಯನ್ನು ಸುತ್ತಾಡಿಸಲು ಕೆಲಸದ ಹುಡುಗನನ್ನು ಕಳಿಸುತ್ತಾರೆ. ಹುಡುಗನೂ ನಾಯಿಯೂ ಟ್ರಾನ್ಸ್‌ಫಾರ್ಮರ್ ಪಕ್ಕದ ಕಟ್ಟೆಯ ಮೇಲೆ ಅರ್ಧ ಗಂಟೆ ಮೊಬೈಲ್ ನೋಡಿಕೊಂಡು ವಾಪಸ್ಸಾಗುತ್ತಾರೆ.

ನಾಲ್ಕನೆಯ ವರ್ಗಕ್ಕೊಂದು ಸಂಸ್ಕೃತ ಹೆಸರು ಹುಡುಕುತ್ತ ಕೂತೆ. ಮಕ್ಕಳು ಟೆಕ್ಸಸ್‌ನಲ್ಲಿ, ಗಂಡ ಫೋಟೋದಲ್ಲಿ. ಕಲಸಿ ಕೈತುತ್ತು ಕೊಟ್ಟರೆ ಬೇಡ ಅನ್ನದ ಜೀವವೆಂದರೆ ಮನೆಯಲ್ಲಿ ಈ ನಾಯಿ ಒಂದೇ. ಮಂಡಿನೋವು ಇರುವ ಆಕೆ ನಲವತ್ತು ಕಿಲೋ ನಾಯಿಯನ್ನು ಬೀದಿಗೆ ಕರೆದುಕೊಂಡು ಹೋಗುವುದು ಹೇಗೆ? ಇವರನ್ನು ಅಣಕಿಸಲು ನನಗೆ ಮನಸ್ಸಿಲ್ಲ. ಐದನೆಯ ವರ್ಗ ಮೊದಲಿಂದಲೂ ಇರಲಿಲ್ಲ, ಪಂಚವಿಧ ಅಂದರೆ ಕೇಳಲು ಚೆನ್ನಾಗಿರುತ್ತದೆಂದು ಸೇರಿಸಿದ್ದು. ವರ್ಗೀಕರಣವನ್ನು ಇಲ್ಲಿಗೇ ಬಿಟ್ಟಿದ್ದೇನೆ.

ಪೂರ್ವಪಕ್ಷದವರು ವಂಶವಾಹಿಯ ವಾದ ಹೂಡುವುದುಂಟು. ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ಲ್ಯಾಬ್ರಡಾರ್‌ಗಳ ಪಿಓಎಂಸಿ ಎಂಬ ಜೀನ್‌ನಲ್ಲಿ ಒಂದು ತುಣುಕು ಕಳೆದುಹೋಗಿರುವುದನ್ನು ಗುರುತಿಸಿದರು. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಈ ದೋಷವಿದೆ, ಅವಕ್ಕೆ ಹಸಿವು ಹೆಚ್ಚು. ಒಪ್ಪಿದೆ. ಥೈರಾಯ್ಡ್ ತೊಂದರೆಯಿಂದ, ಸ್ಟೀರಾಯ್ಡ್ ಔಷಧಿಯಿಂದ ಊದಿಕೊಳ್ಳುವ ನಾಯಿಗಳೂ ಇವೆ, ಅದನ್ನೂ ಒಪ್ಪಿದೆ. ಆದರೆ ಡಬ್ಬದ ಮುಚ್ಚಳ ತಿರುಗಿಸಿ ತೆಗೆಯುವ ಜೀನ್ ಯಾವ ನಾಯಿಯಲ್ಲೂ ಈವರೆಗೆ ಪತ್ತೆಯಾಗಿಲ್ಲ.

ಶಾಸನ ವಿಮರ್ಶೆ: ಪ್ರಾಣಿ ಹಿಂಸೆ ತಡೆ ಕಾಯ್ದೆ, 1960. ಇದರ 11ನೇ ಕಲಮಿನ ಪ್ರಕಾರ ಸಾಕುಪ್ರಾಣಿಗೆ ಸಾಕಷ್ಟು ಅನ್ನ ನೀರು ಕೊಡದಿರುವುದು ಹಿಂಸೆ. ಅತಿಯಾಗಿ ಹಾಕುವುದರ ಬಗ್ಗೆ ಅಲ್ಲಿ ಪ್ರತ್ಯೇಕ ಮಾತಿಲ್ಲ. ಮಿತಿಮೀರಿ ಭಾರ ಹೇರುವುದು ಹಿಂಸೆ, ಆದರೆ ಭಾರವನ್ನು ಚರ್ಮದ ಒಳಗಡೆಯೇ ಹೇರಿದರೆ? ಶಾಸನ ಬರೆದವರ ಕಣ್ಣಮುಂದೆ ಗಾಡಿಯ ಎತ್ತು ಇದ್ದಿರಬೇಕು, ಸೋಫಾದ ಮೇಲಿನ ನಾಯಿ ಅಲ್ಲ. ಆದರೂ ಅದೇ ಕಲಮಿನಲ್ಲಿ ಒಂದು ಸಾಲಿದೆ: ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡಿಸದ ಯಜಮಾನನೂ ತಪ್ಪಿತಸ್ಥನೇ. ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ನಾಯಿಯ ತಿಂಡಿಯ ಒಂದು ಪೊಟ್ಟಣಕ್ಕೂ ಸಾಲದ ಹಣ.

ತೌಲನಿಕ ಅಧ್ಯಯನಕ್ಕಾಗಿ ನ್ಯೂಜಿಲೆಂಡಿನತ್ತ ತಿರುಗೋಣ. ಆಕ್ಲೆಂಡಿನಲ್ಲಿ ನಗ್ಗಿ ಎಂಬ ನಾಯಿ ಸಿಕ್ಕಿತು, ತೂಕ 53.7 ಕಿಲೋ. ನಾಯಿಬಿಸ್ಕತ್ತಿನ ಜೊತೆ ದಿನಕ್ಕೆ ಎಂಟು ಹತ್ತು ತುಂಡು ಕೋಳಿ ಅದರ ಊಟ. ಆರೈಕೆಗೆ ಒಯ್ಯುವ ಕಾರಿನವರೆಗಿನ ಹತ್ತು ಮೀಟರ್ ನಡೆಯಲು ಮೂರು ಸಲ ನಿಂತು ಉಸಿರು ಎಳೆದುಕೊಂಡಿತು. ಕೊಬ್ಬು ಅಡ್ಡವಾಗಿ ಸ್ಟೆತಸ್ಕೋಪಿಗೆ ಎದೆಬಡಿತ ಕೇಳಿಸಲಿಲ್ಲ. ಎರಡು ತಿಂಗಳ ಆರೈಕೆಯಲ್ಲಿ 8.9 ಕಿಲೋ ಇಳಿದಿತ್ತು, ಅಷ್ಟರಲ್ಲಿ ಯಕೃತ್ತಿನಲ್ಲಿ ರಕ್ತಸ್ರಾವವಾಗಿ ಸತ್ತಿತು. 2024ರಲ್ಲಿ ನ್ಯಾಯಾಲಯ ಒಡತಿಗೆ ಎರಡು ತಿಂಗಳ ಸೆರೆವಾಸ ವಿಧಿಸಿತು.

ಇದರ ಮೇಲೆ ಯಾವ ಪರಿಪ್ರೇಕ್ಷ್ಯ ಹೊದಿಸಲಿ? ಹತ್ತು ಮೀಟರ್, ಮೂರು ಸಲ! ಹೊಡೆದರೆ ನಾಯಿ ಕುಂಯ್‌ಗುಡುತ್ತದೆ, ಪಕ್ಕದ ಮನೆಯವರು ಬಂದು ಬೈಯುತ್ತಾರೆ. ಅತಿಯಾಗಿ ತಿನ್ನಿಸಿದರೆ ಅದು ಬಾಲ ಅಲ್ಲಾಡಿಸುತ್ತ ತಟ್ಟೆ ನೆಕ್ಕುತ್ತದೆ, ಬಂದವರು 'ಎಷ್ಟು ಮುದ್ದಾಗಿದೆ' ಎಂದು ಇನ್ನೊಂದು ಬಿಸ್ಕತ್ತು ಹಾಕುತ್ತಾರೆ. ಬಿಸ್ಕತ್ತು ಹಾಕಲು ಎರಡು ಸೆಕೆಂಡು ಸಾಕು, ಜೊತೆಗೆ ನಡೆಯಲು ಒಂದು ಗಂಟೆ ಬೇಕು. ಆ ಗಂಟೆ ನಮ್ಮಲ್ಲಿಲ್ಲ. ಹಿಂಸೆ ಹೌದೋ ಅಲ್ಲವೋ ಅಂದರೆ, ಹೌದು ಕಣ್ರೀ, ಹಿಂಸೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಬದುಕಿನುದ್ದಕ್ಕೂ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೊತೆಯದಕ್ಕಿಂತ ಕಾಲು ಭಾಗ ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲುನೋವೂ ಅವಕ್ಕೆ ತಡವಾಗಿ ಬಂತು. ಕೊನೆಗೆ ಆಸ್ಪತ್ರೆಯ ಸ್ಟೀಲ್ ಮೇಜಿನ ಮುಂದೆ ನಿಂತು 'ಇನ್ನೊಂದು ವರ್ಷ ಉಳಿಸಿಕೊಡಿ ಡಾಕ್ಟ್ರೇ' ಎಂದು ಅಳುತ್ತೇವಲ್ಲ, ಆ ಒಂದು ವರ್ಷ ನಮ್ಮ ಕೈಯಲ್ಲೇ ಇತ್ತು. ಕಾಫಿಯ ಜೊತೆ, ಮುರಿದು ಮುರಿದು ಹಾಕಿಬಿಟ್ಟೆವು.

ಸಲಹೆ ಕೊಡುವುದು ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಊಟವನ್ನು ಅಂದಾಜಿಗೆ ಸುರಿಯದೆ ಅಳೆದು ಹಾಕಿ. ಆರು ಜನರಲ್ಲಿ ತಿನ್ನಿಸುವವರು ಒಬ್ಬರೇ ಇರಲಿ. ಒಮ್ಮೆಲೇ ಉಪವಾಸ ಕೆಡವಬೇಡಿ, ವೈದ್ಯರಿಗೆ ತೋರಿಸಿ ನಿಧಾನವಾಗಿ ಇಳಿಸಿ. ಕೈ ತಡೆಯದಿದ್ದರೆ ಬಿಸ್ಕತ್ತಿನ ಬದಲು ಸೌತೆಕಾಯಿ ಹೋಳು, ಬೇಯಿಸಿದ ಬೀನ್ಸ್ ಕೊಡಬಹುದು. ದ್ರಾಕ್ಷಿ ಮಾತ್ರ ಕೊಡಬೇಡಿ, ಮೂತ್ರಪಿಂಡ ಕೆಡುತ್ತದೆ.