ವೈರಿಂಗ್ ಅಣ್ಣ

ಹಿರಿಯೂರಿನಿಂದ ಹೊಸದುರ್ಗದವರೆಗೆ ಯಾವ ಹಿಟಾಚಿ ಮಾಲೀಕರ ಮೊಬೈಲ್ ತೆಗೆದು ನೋಡಿದರೂ 'ವೈರಿಂಗ್ ಅಣ್ಣ' ಅನ್ನೋ ಒಂದು ನಂಬರು ಇದ್ದೇ ಇರುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಆಧಾರ್ ಕಾರ್ಡಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಿಲ್ಲ. ಹೈವೇ ಬದಿಯ ಪಂಚರ್ ಶೆಡ್ಡಿನ ಪಕ್ಕ ಅಂಗಡಿಯೂ ಉಂಟು. ಅಲ್ಲಿ ಅವನನ್ನು ಕಂಡವರು ಮಾತ್ರ ಕಡಿಮೆ. ಫೋನ್ ಮಾಡಿದರೆ, "ಹೊಳಲ್ಕೆರೆ ದಾಟಿದೆ ಸಾವ್ಕಾರ್ರೆ, ಇನ್ನರ್ಧ ಗಂಟೆ" ಅನ್ನುತ್ತಾನೆ. ಅದೇ ಹೊತ್ತಿಗೆ ಹಿಂದುಗಡೆಯಿಂದ ಹಿರಿಯೂರು ಬಸ್ ಸ್ಟ್ಯಾಂಡಿನ ಕಂಡಕ್ಟರು ಚಳ್ಳಕೆರೆಗೆ ಜನ ಕರೆಯುವುದು ಸ್ಪಷ್ಟವಾಗಿ ಕೇಳುತ್ತಿರುತ್ತದೆ.

ಅವನ ಸುಗ್ಗಿ ಏಪ್ರಿಲ್‌ನಲ್ಲಿ. ಭದ್ರಾ ಮೇಲ್ದಂಡೆ ಕಾಲುವೆ ಕೆಲಸವೋ ರಸ್ತೆ ಕೆಲಸವೋ, ನೆರಳಿಲ್ಲದ ಬಯಲಿನಲ್ಲಿ ಮಿಷಿನ್ನು. 2023ರ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ ಘೋಷಣೆಯಾದ 5,300 ಕೋಟಿಯ ಜಗಳ ವಿಧಾನಸೌಧದವರಿಗಿರಲಿ, ಗಾಜಿನ ಗೂಡಿನೊಳಗೆ ಕೂತ ಆಪರೇಟರ್ ಹುಡುಗನಿಗೆ ಬೇಕಾದದ್ದು ಗಾಳಿ. ಬ್ಲೋವರ್ ನಿಂತಿದೆ. ಗಾಜು ತೆಗೆದರೆ ಧೂಳು, ಮುಚ್ಚಿದರೆ ಕುದಿ.

ಮಾಲೀಕರಿಗೆ ಹೇಳಿದರೆ, "ನಮ್ಮಪ್ಪ ಏನು ಎ.ಸಿ. ಹಾಕ್ಕೊಂಡು ನೇಗ್ಲು ಹೊಡೀತಿದ್ನೇನಪ್ಪಾ?" ಅಂತಾರೆ. ಹುಡುಗ ಬಿಹಾರದವನಾದರೂ ಇಷ್ಟರಲ್ಲಿ ದುರ್ಗದ ನೀರು ಕುಡಿದವನು. ವಾದಕ್ಕೆ ಇಳಿಯುವುದಿಲ್ಲ. "ಇಂಜಿನ್ ಹೀಟ್ ಆಗ್ತೈತೆ ಸಾರ್, ಆಫ್ ಮಾಡಿದೀನಿ" ಅಂತ ಫೋನಿಡುತ್ತಾನೆ. ಮರುನಿಮಿಷಕ್ಕೆ ವೈರಿಂಗ್ ಅಣ್ಣನಿಗೆ ಕರೆ ಹೋಗಿರುತ್ತದೆ.

ಬೈಕಿನ ಹಿಂದೆ ಚೀಲ ಹಿಡಿದ ಹುಡುಗನೊಬ್ಬನನ್ನು ಕೂರಿಸಿಕೊಂಡು ಅಣ್ಣ ಬಂದಿಳಿಯುವುದು ಸಂಜೆ ನಾಲ್ಕಕ್ಕೆ. ಮಿಷಿನ್ ಮುಟ್ಟುವ ಮೊದಲು ಒಂದು ವಿಚಾರಣೆ ನಡೆಯಲೇಬೇಕು.

"ಯಾರು ಕೈ ಹಾಕಿದ್ದು ಇದಕ್ಕೆ?"

ಹಿಂದಿನ ಮೆಕ್ಯಾನಿಕ್ ದಡ್ಡನೆಂದು ತೀರ್ಪಾಗದೆ ಅವನ ಕೈಗೆ ಸ್ಕ್ರೂಡ್ರೈವರ್ ಹತ್ತುವುದಿಲ್ಲ. "ನೀನೇ ಅಣ್ಣ, ಹೋದ್ ವರ್ಷ" ಅಂತ ಯಾರಾದರೂ ನೆನಪಿಸಿದರೂ ಅವನು ವಿಚಲಿತನಾಗುವವನಲ್ಲ. "ಅದಕ್ಕೇ ಇಷ್ಟು ದಿನ ಬಂದೈತೆ" ಅನ್ನುತ್ತಾನೆ.

ಕೆಲಸಕ್ಕೆ ಇಳಿದನೆಂದರೆ ಮಾತ್ರ ನೋಡಬೇಕು. ಮೊದಲು ಫ್ಯೂಸ್ ಡಬ್ಬಿ. ಅಲ್ಲಿ ಫ್ಯೂಸ್ ಇರುವುದಿಲ್ಲ. ಅದರ ಜಾಗದಲ್ಲಿ ಆಪರೇಟರ್ ಸುತ್ತಿಟ್ಟ ದಪ್ಪ ತಾಮ್ರದ ತಂತಿ. "ಮಿಷಿನ್ ಸುಟ್ರೂ ಇದು ಸುಡಲ್ಲ ಕಣೋ!" ಅಂತ ಒಂದು ಸಲ ಬೈದು, ಟೆಸ್ಟ್ ಲ್ಯಾಂಪಿನ ಕ್ಲಿಪ್ಪು ಬಾಡಿಗೆ ಕಚ್ಚಿಸಿ ಬ್ಲೋವರ್ ವೈರಿಗೆ ಚುಚ್ಚುತ್ತಾನೆ. ಬಲ್ಬು ಉರಿಯಿತು, ಅಂದರೆ ಕರೆಂಟು ಬರುತ್ತಿದೆ, ಮೋಟ್ರೇ ಏಳುತ್ತಿಲ್ಲ. ಸೀಟಿನ ಬೋಲ್ಟು ಬಿಚ್ಚಿಸಿ, ಹಿಂದಿನ ಪ್ಲಾಸ್ಟಿಕ್ ಕವರ್ ತೆಗೆಸಿ, ಹೊಸದುರ್ಗದ ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಪಾನಾದ ಹಿಡಿಯಿಂದ ಮೋಟ್ರಿಗೆ ಎರಡು ತಟ್ಟುತ್ತಾನೆ. ಫ್ಯಾನು ಗರ್ ಅಂತ ನಾಲ್ಕು ಸುತ್ತು ತಿರುಗಿ ನಿಲ್ಲುತ್ತದೆ. "ಕಾರ್ಬನ್ ಹೋಗೈತೆ." ಇದರಲ್ಲಿ ಅವನು ತಪ್ಪುವುದೇ ಇಲ್ಲ. ಬ್ರಷ್ ಸವೆದ ಮೋಟ್ರು ಏಟು ಬಿದ್ದಾಗ ಎದ್ದು, ಏಟು ಮರೆತ ಮೇಲೆ ಮಲಗುತ್ತದೆ.

ಹೊರಗೆಳೆದರೆ ಸೀಳುಸೀಳು ರೆಕ್ಕೆಯ ಗುಂಡು ಫ್ಯಾನು, ಒಳಗೆಲ್ಲ ಗಣಿಯಲ್ಲಿ ದುಡಿದ ಕಾಲದ ಕೆಂಪು ಅದಿರಿನ ಧೂಳು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗದ ಗಣಿಗಳನ್ನು ನಿಲ್ಲಿಸಿದಾಗ ಮಿಷಿನ್‌ಗಳೆಲ್ಲ ತುಕ್ಕು ಹಿಡಿದು ನಿಂತವು, ಅಣ್ಣ ಬೋರ್‌ವೆಲ್ ಸ್ಟಾರ್ಟರ್ ರಿಪೇರಿಗೆ ಇಳಿದ. ಗಣಿ ಮತ್ತೆ ಶುರುವಾದಾಗ ನೋಡಿದರೆ ಬ್ಲೋವರ್ ಡಬ್ಬಿಗಳಲ್ಲಿ ಇಲಿಗಳು ಸಂಸಾರ ಹೂಡಿ, ಸಿಕ್ಕ ವೈರನ್ನೆಲ್ಲ ಕಡಿದಿಟ್ಟಿದ್ದವು. ಆ ಇಲಿಗಳ ಋಣ ಅವನು ಇವತ್ತಿಗೂ ನೆನೆಯುತ್ತಾನೆ.

ಇಲ್ಲಿ ಮಾಲೀಕರದೊಂದು ಸಲಹೆ ಬಂದೇ ಬರುತ್ತದೆ: ಶೆಡ್ಡಿನಲ್ಲಿರುವ ಹಳೇ ಜೆಸಿಬಿಯ ಮೋಟ್ರು ಹಾಕಬಾರದೇ?

"ಅದು 12 ವೋಲ್ಟು, ಇದು 24. ಹಾಕ್ತೀನಿ ಬೇಕಾದ್ರೆ. ಐದು ನಿಮಿಷ ಬಿರುಗಾಳಿ, ಆಮೇಲೆ ಹೊಗೆ."

ಮಾಲೀಕರು ಸುಮ್ಮನಾಗಿ ಹೊಸ ಮೋಟ್ರಿಗೆ ಒಪ್ಪುತ್ತಾರೆ. ಕೂರಿಸಿದ್ದೂ ಆಯಿತು. ಗಾಳಿ ಬಂತು, ಆದರೆ ಊದಿದ್ದೂ ಊದದ್ದೂ ಗೊತ್ತಾಗದಷ್ಟು. ಚೀಲದ ಹುಡುಗ ಮೆಲ್ಲಗೆ, "ಅಣ್ಣ, ಉಲ್ಟಾ ತಿರುಗ್ತೈತೆ" ಅನ್ನುತ್ತಾನೆ. ಎರಡು ವೈರು ಅದಲುಬದಲಾದರೂ ಈ ಜಾತಿಯ ಫ್ಯಾನು ಗಾಳಿಯನ್ನು ಮುಂದಕ್ಕೇ ದೂಡುತ್ತದೆ, ಜೋರು ಮಾತ್ರ ಇರುವುದಿಲ್ಲ. "ಗೊತ್ತು ಕಣೋ, ರನ್ನಿಂಗ್ ಕೊಡ್ತಿದ್ದೆ" ಅಂತ ಅಣ್ಣ ವೈರು ತಿರುಗಿಸುತ್ತಾನೆ.

ಈಗ ಜೋರಾಗಿ ಬಂತು. ಬಿಸಿಗಾಳಿ! ಹೀಟರಿನ ವಾಲ್ವು ಅರ್ಧ ತೆರೆದು ಜಾಮ್ ಆಗಿದೆ. ಇಂಜಿನ್ನಿನ ಬಿಸಿನೀರು ಅದೇ ಡಬ್ಬಿಯ ಸಣ್ಣ ರೇಡಿಯೇಟರಿನಲ್ಲಿ ಸುತ್ತುತ್ತಿದೆ. ಎ.ಸಿ. ತಣ್ಣಗೆ ಮಾಡಿದ್ದನ್ನು ಹೀಟರ್ ಕಾಯಿಸುತ್ತಿದೆ.

"ದುರ್ಗಕ್ಕೆ ಹೀಟರ್ ಯಾಕಪ್ಪಾ ಇಟ್ಟವ್ರೆ?"

"ಜಪಾನ್‌ನಲ್ಲಿ ಹಿಮ ಬೀಳ್ತದಂತೆ ಸಾವ್ಕಾರ್ರೆ. ಅವ್ರು ನಮ್ಮ ಮಾರಿಕಣಿವೆ ನೋಡಿಲ್ಲ."

ಹೀಟರಿನ ಎರಡು ಪೈಪು ಕಿತ್ತು ಒಂದಕ್ಕೊಂದು ಜೋಡಿಸಿ ಕ್ಲಿಪ್ಪು ಬಿಗಿದ. ಡಿಸೆಂಬರ್‌ನಲ್ಲಿ ಜೋಗಿಮಟ್ಟಿ ಕಡೆ ನೈಟ್ ಶಿಫ್ಟ್ ಬಿದ್ದರೆ ಆಪರೇಟರ್ ಕಂಬಳಿ ಹೊದೆಯುತ್ತಾನೆ, ಅದು ಬೇರೆ ವಿಷಯ.

ಬಿಲ್ಲು ಬೀಡಿ ಕಟ್ಟಿನ ಹಿಂಭಾಗದಲ್ಲಿ. ಲೇಬರಿಗೆ ಚೌಕಾಸಿ ನಡೆದಿರುವಾಗಲೇ ಹಳೇ ಮೋಟ್ರು ಚೀಲ ಸೇರಿರುತ್ತದೆ. "ಗುಜರಿಗೆ ಹಾಕ್ತೀನಿ, ನಿಮಗ್ಯಾಕೆ ಭಾರ?" ಮಾಲೀಕರು ಘಾಟಿ. ಮೋಟ್ರಿನ ಬೆನ್ನ ಮೇಲೆ ಯಾವತ್ತೋ ಹಸಿರು ಪೇಂಟಿನಲ್ಲಿ ತಮ್ಮ ಇನಿಷಿಯಲ್ ಬರೆದಿದ್ದವರು.

ಮಳೆಗಾಲದ ಹೊತ್ತಿಗೆ ಹೊಳಲ್ಕೆರೆ ಕಡೆ ಇದ್ದ ಅವರ ಎರಡನೇ ಹಿಟಾಚಿಯ ಬ್ಲೋವರೂ ನಿಂತಿತು. ಅಣ್ಣ ಬಂದ, ವಿಚಾರಣೆ ನಡೆಸಿದ, "ಒರಿಜಿನಲ್ ಕಂಪನಿ ಮೋಟ್ರು, ಕಷ್ಟಪಟ್ಟು ತಂದಿದೀನಿ" ಅಂತ ಒಂದನ್ನು ಚೀಲದಿಂದ ತೆಗೆದ. ಮಾಲೀಕರು ತಿರುಗಿಸಿ ನೋಡಿದರು. ಬೆನ್ನ ಮೇಲೆ ಹಸಿರು ಅಕ್ಷರ.

"ಏನೋ ಇದು, ನಂದೇ ಮೋಟ್ರು!"

"ಹೊಸ ಕಾರ್ಬನ್ ಹಾಕಿ ಜೋಪಾನ ಮಾಡಿಟ್ಟಿದ್ದೆ ಸಾವ್ಕಾರ್ರೆ. ನಿಮ್ಮ ವಸ್ತು ಬೇರೆಯವ್ರಿಗೆ ಕೊಡೋಕೆ ಮನ್ಸು ಬರ್ಲಿಲ್ಲ."