ರಿನಿವಲ್ ಸಾವ್ಕಾರ್ರು

ಹಾನಗಲ್ಲಿನಲ್ಲಿ ಇವರಿಗೆ ಬೀಜ-ಗೊಬ್ಬರದ ಅಂಗಡಿ. ಸವಣೂರಿಗೆ ಹೋದರೆ ವೀಳ್ಯದೆಲೆ ದಲಾಲಿ, ಶಿಗ್ಗಾಂವಿಯಲ್ಲಿ ಸಿಮೆಂಟು-ಕಬ್ಬಿಣ, ಹಿರೇಕೆರೂರಿನಲ್ಲಿ ಗೋವಿನಜೋಳದ ಖರೀದಿ. ಅಡ್ಡಹೆಸರು ಊರಿಗೊಂದು. ಆದರೆ ಕಂಪ್ಯೂಟರಿನ ಮೇಲೆ ‘ರಿನಿವಲ್’ ಅಂತ ಒಂದು ಸಾಲು ಮೂಡಿತೆಂದರೆ ನಾಲ್ಕೂ ತಾಲ್ಲೂಕಿಗೆ ಒಂದೇ ಬಾಯಿ: “ಒಮ್ಮೆ ರೊಕ್ಕಾ ಕೊಟ್ಟೇನಲ್ಲೋ ತಮ್ಮಾ, ಮತ್ಯಾಕ ಕೊಡ್ಲಿ?”

ಹಾನಗಲ್ಲಿನವರನ್ನೇ ಹಿಡಿಯೋಣ, ಇವರಲ್ಲಿ ಈ ಗುಣ ಚೆನ್ನಾಗಿ ಮಾಗಿದೆ. ಮಾನಿಟರಿನ ಹಣೆಗೆ ಮೂರು ಬೆರಳ ವಿಭೂತಿ, ಮೂಲೆಯಲ್ಲಿ ದೀಪಾವಳಿ ಅಮಾಸಿ ಪೂಜೆಯ ಒಣಗಿದ ಚೆಂಡುಹೂ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬರುವ ತನಕ ದಿವಾನಜಿ ಕಿರ್ದಿ ಬರೆಯುತ್ತಿದ್ದರು. ಕಂಪ್ಯೂಟರಿನೊಳಗೆ ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿಯ, ಪೆನ್‌ಡ್ರೈವಿನಿಂದ ಇಳಿದ ಕಳ್ಳ ಪ್ರತಿ ಇತ್ತು. ಹಾಕಿಕೊಟ್ಟವ ಚಹಾ ಕುಡಿದು ಹೋಗಿದ್ದ. ಜಿಎಸ್‌ಟಿ ಬಂದ ಮೇಲೆ ಆಡಿಟರು ಕಣ್ಣು ಕೆಕ್ಕರಿಸಿದರು. ಸಾವ್ಕಾರ್ರು ಎದೆ ಗಟ್ಟಿ ಮಾಡಿಕೊಂಡು 18,000 ರೂಪಾಯಿಯ ಸಿಲ್ವರ್ ಲೈಸನ್ಸ್ ತಗೊಂಡರು. ಬಿಲ್ಲಿನಲ್ಲಿ ಶೇ. 18 ಜಿಎಸ್‌ಟಿ ಸೇರಿ 21,240 ಆಗಿತ್ತು. “ಜಿಎಸ್‌ಟಿ ಲೆಕ್ಕಾ ಮಾಡಾಕ ತಗೊಂಡದ್ದಕ್ಕೂ ಜಿಎಸ್‌ಟಿನಾ?” ಎಂದು ಅವತ್ತು ಕೇಳಿದ್ದನ್ನು ಇವತ್ತಿಗೂ ಕೇಳುತ್ತಾರೆ. ಆ ಬಿಲ್ಲಿಗೆ ಲ್ಯಾಮಿನೇಶನ್ ಮಾಡಿಸಿ ಹೊಲದ ಉತಾರದ ಜೋಡಿ ತಿಜೋರಿಯಲ್ಲಿಟ್ಟಿದ್ದಾರೆ.

ಸಿಲ್ವರ್ ಅಂದರೆ ಒಂದೇ ಕಂಪ್ಯೂಟರು. ಅಂಗಡಿಯಲ್ಲಿ ಇರುವುದು ಎರಡು. ನೆಟ್‌ವರ್ಕಿನಲ್ಲಿ ಎಲ್ಲರೂ ಕೂತು ಬರೆಯುವ ಗೋಲ್ಡ್‌ಗೆ ಮೂರು ಪಟ್ಟು ರೇಟು ಅಂತ ಗೊತ್ತಾದ ಕೂಡಲೇ ಎರಡನೆಯದಕ್ಕೆ ಬಟ್ಟೆ ಹೊದಿಸಿದರು. ಈಗ ಇಬ್ಬರು ಹುಡುಗರು ಒಂದೇ ಕುರ್ಚಿಗೆ ಪಾಳಿ ಹಚ್ಚುತ್ತಾರೆ.

ಇವರ ಹೆಂಡತಿಯ ತಮ್ಮ ಹಿರೇಕೆರೂರಿನವರು, ಭಾವನಿಗಿಂತ ಒಂದು ಕೈ ಮೇಲು. ಅವರು ಲೈಸನ್ಸನ್ನೇ ತಗೊಳ್ಳಲಿಲ್ಲ. ಕಲಿಯುವವರಿಗೆಂದು ಟ್ಯಾಲಿಯಲ್ಲಿ ಎಜುಕೇಶನಲ್ ಮೋಡ್ ಇದೆ, ಪುಕ್ಕಟೆ. ಆದರೆ ಅದರಲ್ಲಿ ತಿಂಗಳಿನ 1, 2 ಮತ್ತು 31ನೇ ತಾರೀಖು ಬಿಟ್ಟು ಬೇರೆ ದಿನಕ್ಕೆ ಎಂಟ್ರಿ ಹಾಕಲು ಬಿಡುವುದಿಲ್ಲ. ಹೀಗಾಗಿ ಕಂಪ್ಯೂಟರಿನ ಪ್ರಕಾರ ಅವರ ಗೊಬ್ಬರದ ಅಂಗಡಿಯಲ್ಲಿ ಹದಿನೈದನೇ ತಾರೀಖಿಗೆ ಒಂದು ಕಾಳೂ ಮಾರಾಟವಾದದ್ದಿಲ್ಲ; ಜುಲೈ 31ಕ್ಕೆ ಮಾತ್ರ ಇಡೀ ತಾಲ್ಲೂಕೇ ಬಂದು ಯೂರಿಯಾ ಒಯ್ದಂತಿದೆ. ಅತ್ತ ಸಬ್ಸಿಡಿ ಗೊಬ್ಬರಕ್ಕೆ ಆಧಾರ್ ಹಚ್ಚಿ ಮಾರುವ ಸರ್ಕಾರದ ಪಿಒಎಸ್ ಮಷಿನ್ ಜುಲೈ 14 ಅಂತಲೇ ಚೀಟಿ ಕೊಟ್ಟಿರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಆಡಿಟರಿಗೆ ಅವರು ಹೇಳಿದ್ದು: “ರೈತ್ರು ಅವಾಗ ಒಯ್ದ್ರು, ನಾವು ಆಮೇಲೆ ನೆನಪ ಮಾಡ್ಕೊಂಡ್ವಿರಿ.”

ಭಾವ ಅಷ್ಟು ದೂರ ಹೋಗುವವರಲ್ಲ. ಅವರ ಜಗಳ ಟಿಎಸ್‌ಎಸ್ ಜೊತೆ. ಅದು ವರ್ಷ ವರ್ಷ ಕಟ್ಟುವ ಸೇವಾ ಶುಲ್ಕ. ಕಟ್ಟದಿದ್ದರೂ ಕೊಂಡ ಟ್ಯಾಲಿ ನಿಲ್ಲುವುದಿಲ್ಲ, ಆದರೆ ಹೊಸ ಅಪ್‌ಡೇಟ್ ಬರುವುದಿಲ್ಲ, ಜಿಎಸ್‌ಟಿ ರಿಟರ್ನನ್ನು ಅಲ್ಲಿಂದಲೇ ನೇರ ಪೋರ್ಟಲ್‌ಗೆ ಕಳಿಸಲಾಗುವುದಿಲ್ಲ. 2020ರ ಕೊನೆಗೆ ಟ್ಯಾಲಿಯ ಹಳೇ ಆವೃತ್ತಿ ಇಆರ್‌ಪಿ 9 ಹೋಗಿ ಟ್ಯಾಲಿಪ್ರೈಮ್ ಬಂತು. ಮುಂದೆ ಸಿಲ್ವರ್ ರೇಟು 22,500 ಆಯಿತು, 3,600 ಇದ್ದ ಟಿಎಸ್‌ಎಸ್ 4,500 ಆಯಿತು. ಲೈಸನ್ಸ್ ರೇಟು ಏರಿದ್ದಕ್ಕೆ ಸಾವ್ಕಾರ್ರಿಗೆ ಸಂತೋಷವೇ ಆಯಿತು, ತಮ್ಮ ಮಾಲಿಗೆ ಬೆಲೆ ಬಂತೆಂದು. ಮಾರಲು ಬರುವುದಿಲ್ಲವೆಂದು ತಿಳಿದ ದಿನ ಊಟ ಸೇರಲಿಲ್ಲ.

ಟ್ಯಾಲಿ ಪರದೇಶದ್ದಲ್ಲ, 1986ರಿಂದ ಇರುವ ನಮ್ಮ ಬೆಂಗಳೂರಿನ ಕಂಪನಿಯದು ಎಂದು ರಿನಿವಲ್‌ಗೆ ಬರುವ ಟ್ಯಾಲಿ ಹುಡುಗ ಹೇಳಿದಾಗ ಸಾವ್ಕಾರ್ರ ಮುಖ ಅರಳಿತು. “ಬೆಂಗಳೂರಾ? ಮೊದಲ ಹೇಳಬಾರದಾ? ಎಮ್ಮೆಲ್ಲೆ ಪಿಎ ಕಡಿಂದ ಒಂದು ಫೋನ್ ಮಾಡಸ್ತೀನಿ ತಡಿ.”

ಪುಕ್ಕಟೆ ಬಂದದ್ದೆಲ್ಲವನ್ನೂ ಇವರು ಒಪ್ಪುತ್ತಾರೆ ಅಂತಲೂ ಅಲ್ಲ. ಯಾರು, ಯಾವಾಗ, ಯಾವ ಎಂಟ್ರಿ ತಿದ್ದಿದರು ಎಂಬುದನ್ನು ಬರೆದಿಡುವ ಎಡಿಟ್ ಲಾಗ್ ಸುದ್ದಿ ಕೇಳಿ ಬೆವೆತುಬಿಟ್ಟರು. 2023ರ ಏಪ್ರಿಲ್ 1ರಿಂದ ಅದು ಕಡ್ಡಾಯವಾದದ್ದು ನೋಂದಾಯಿತ ಕಂಪನಿಗಳಿಗೆ, ನಿಮ್ಮಂಥ ಅಂಗಡಿಗಲ್ಲ ಎಂದು ಹುಡುಗ ಎಷ್ಟು ಹೇಳಿದರೂ, “ಇರ್ಲಿ, ಹಳೇದ ಚಲೋ ಐತಿ” ಎಂದರು.

ವಿಂಡೋಸ್ 10 ವಿಷಯದಲ್ಲಂತೂ ನಾನು ಇವರ ಪಕ್ಷ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿತು. ಇವರ ಹಳೇ ಡಬ್ಬಿಗೆ 11 ಹತ್ತುವುದಿಲ್ಲ. “ಬೆಂಬಲಾ ನಿಲ್ಲಿಸ್ಯಾರಂತ! ಇಲ್ಲೀತನಕ ಯಾರೋ ಬಂದು ಕೊಡ್ತಿದ್ರು? ಕರೆಂಟ್ ಹೋದಾಗೂ ನಾವ ನೋಡೇವಿ, ಇಲಿ ವಾಯರ್ ಕಡದಾಗೂ ನಾವ ನೋಡೇವಿ.” ಸವಣೂರಿನಲ್ಲಿ ಲಗ್ನಪತ್ರಿಕೆ ಮಾಡುವ ಇವರ ಗೆಳೆಯರೂ ಇದೇ ಧಾಟಿಯವರು. 2013ರಲ್ಲಿ ಅಡೋಬಿ ಇನ್ನು ಮೇಲೆ ಹೊಸ ಆವೃತ್ತಿ ಮಾರುವುದಿಲ್ಲ, ಚಂದಾ ಕಟ್ಟಿಯೇ ಬಳಸಬೇಕು ಎಂದಾಗ ಅವರು ತಿರುಗಿಯೂ ನೋಡಲಿಲ್ಲ. 2001ರ ಪೇಜ್‌ಮೇಕರ್ 7, ನುಡಿ ಫಾಂಟು, ಇಷ್ಟರಲ್ಲೇ ಊರಿನ ಮದುವೆ ಎಲ್ಲ ಮುಗಿಸುತ್ತಿದ್ದಾರೆ.

ಮೊನ್ನೆ ಹತ್ತೊಂಬತ್ತನೇ ತಾರೀಖು. ಮರುದಿನ ಜಿಎಸ್‌ಟಿಯ 3ಬಿ ರಿಟರ್ನಿಗೆ ಕೊನೆ ದಿನ. ಟ್ಯಾಲಿ ಹುಡುಗ ಹೆಲ್ಮೆಟ್ ತೆಗೆಯದೆಯೇ ಶುರು ಮಾಡಿದ.

“ಸಾವ್ಕಾರ್ರ, ಕಿರ್ದಿ ಪುಸ್ತಕಾ ವರ್ಷಾ ಹೊಸಾದು ತಗೊಂತಿದ್ರಿಲ್ರಿ?”

“ತಗೊಂತಿದ್ದೆ. ಆದ್ರ ಹಳೇ ಕಿರ್ದಿ ತಗದು ಓದಿದ್ರ ಯಾರೂ ರೊಕ್ಕಾ ಕೇಳ್ತಿದ್ದಿಲ್ಲ. ಮೊಬೈಲ್‌ದಾಗ ಬಿಲ್ ಮಾಡೋ ಆ್ಯಪ್ ಹಾಕ್ಕೊಂಡ ಶಿಗ್ಗಾಂವಿಯವಂಗ ಚಂದಾ ಮುಗದ ಮ್ಯಾಲೆ ತನ್ನ ಉದ್ರಿ ಲೆಕ್ಕಾನ ತನಗ ಕಾಣವಲ್ದಂತ.”

ಇದಕ್ಕೆ ಹುಡುಗನ ಹತ್ತಿರ ಜವಾಬಿರಲಿಲ್ಲ. ನನ್ನ ಹತ್ತಿರವೂ ಇಲ್ಲ. ಜಿಪುಣನ ಮಾತಿನಲ್ಲಿ ಇಷ್ಟು ನ್ಯಾಯ ಇರಬಾರದಿತ್ತು. ಅವನು ದಾರಿ ಬದಲಿಸಿದ: “ನಿಮ್ಮ ಅಕ್ಕಿಆಲೂರ ಕಡೀ ಹೊಲಾ ಲಾವಣಿ ಹಾಕೀರಲ್ರಿ, ಅವ ವರ್ಷಾ ಕೊಡ್ತಾನಿಲ್ರಿ? ಇದೂ ಹಂಗರಿ.”

ಸಾವ್ಕಾರ್ರು ಸುಮ್ಮನಾದರು. ಲಾವಣಿಯ ಲೆಕ್ಕ ಅವರಿಗೆ ಯಾರೂ ಕಲಿಸಬೇಕಿಲ್ಲ, ಹೋದ ಯುಗಾದಿಗೆ ತಾವೇ ಏರಿಸಿದ್ದರು.

“ಹಂಗಾರ ಕೇಳು. 2023ರ ಬರಗಾಲದಾಗ ನಾ ಅವಂಗ ಅರ್ಧಾ ಬಿಟ್ಟೆ. ಇವರು ಬಿಟ್ರೇನು?”

“ಅದು ಆನ್‌ಲೈನ್ ಐತ್ರಿ. ಐದು ಸಾವಿರದ ಮುನ್ನೂರಾ ಹತ್ತು. ಒಂದ್ರುಪಾಯಿ ಕಡಿಮಿ ಆದ್ರೂ ತಗೊಳೂದುಲ್ರಿ. ಜಿಎಸ್‌ಟಿ ಎಂಟನೂರಾ ಹತ್ತು ಇನ್‌ಪುಟ್‌ನ್ಯಾಗ ಕ್ಲೇಮ್ ಮಾಡೂಣ್ರಿ.”

ಗಲ್ಲೆ ತೆರೆಯಿತು. ನೋಟು ಎರಡು ಸಲ ಎಣಿಸಿ, ಮೂರನೇ ಸಲ ಹುಡುಗನ ಕೈಯಿಂದ ಎಣಿಸಿ, ಐದು ಸಾವಿರದ ಮುನ್ನೂರು ಕೊಟ್ಟರು.

“ಹತ್ತು ರೂಪಾಯಿ ಕಡಿಮಿ ಐತ್ರಿ.”

“ನೀ ಹಾಕು. ವರ್ಷಾ ನಿಮ್ಮಪ್ಪಗ ಬೀಜಾ ಉದ್ರಿ ಕೊಡೂದುಲ್ಲೇನು?”